ಬೂದಿಯಿಂದೆದ್ದ ರಂಗದಲ್ಲಿ ಗಿಟಾರ್

ಇಟಲಿಯ ಪಾಂಪೆಯ ಕಲ್ಲಿನ ಬಯಲುರಂಗ ಕ್ರಿ.ಪೂ. 70ರ ಸುಮಾರಿನದು. ಗ್ಲಾಡಿಯೇಟರ್ ಕಾಳಗ ನೋಡಲು ಸುಮಾರು 20 ಸಾವಿರ ಮಂದಿ ಇಲ್ಲಿ ಕೂರಬಹುದಿತ್ತು. ಕ್ರಿ.ಶ. 59ರಲ್ಲಿ ಊರಿನವರಿಗೂ ನೆರೆಯ ನುಚೇರಿಯಾದವರಿಗೂ ಹೊಡೆದಾಟವಾಗಿ ಹೆಣಗಳು ಬಿದ್ದವು. ರೋಮ್‌ನ ಸೆನೆಟ್ ಹತ್ತು ವರ್ಷ ಇಂಥ ಕೂಟಗಳಿಗೇ ನಿಷೇಧ ಹೇರಿತು. 79ರಲ್ಲಿ ವೆಸೂವಿಯಸ್ ಸಿಡಿದು ಇಡೀ ಊರನ್ನು ಹೂತುಹಾಕಿತು.

ಮುಂದೆ ಅಗೆದು ಹೊರತೆಗೆದ ಆ ರಂಗಕ್ಕೆ 1971ರ ಅಕ್ಟೋಬರ್‌ನಲ್ಲಿ ಸಂಗೀತ ಚಿತ್ರವೊಂದಕ್ಕಾಗಿ ಬಂದದ್ದು ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ರಾಕ್ ತಂಡ. ನಿರ್ದೇಶಕ ಏಡ್ರಿಯನ್ ಮೇಬೆನ್‌ಗೆ ಪ್ರೇಕ್ಷಕರೇ ಬೇಡವಾಗಿದ್ದರು. ವುಡ್‌ಸ್ಟಾಕ್ ಸಂಗೀತೋತ್ಸವದ ಚಿತ್ರದಲ್ಲಿದ್ದ ಜನಸಾಗರಕ್ಕೆ ತದ್ವಿರುದ್ಧವಾಗಿ, ಖಾಲಿ ಮೆಟ್ಟಿಲುಗಳ ಮುಂದೆ ವಾದನ ನಡೆಯಿತು. ವಿದ್ಯುತ್ ಸಾಲದೆ ಚಿತ್ರೀಕರಣದ ದಿನಗಳು ಪೋಲಾದವು. ಕೊನೆಗೆ ಈಗಿನ ಊರೊಳಗಿನಿಂದ ಉದ್ದನೆಯ ಕೇಬಲ್ ಎಳೆಯಬೇಕಾಯಿತು.

ಆಗ ಗಿಟಾರ್ ಹಿಡಿದಿದ್ದ ಡೇವಿಡ್ ಗಿಲ್ಮೋರ್, 70ರ ವಯಸ್ಸಿನಲ್ಲಿ ಮತ್ತೆ ಬಂದರು.

2016ರ ಜುಲೈ 7 ಮತ್ತು 8ರಂದು ನಡೆದ ಎರಡು ಕಛೇರಿಗಳಿಗೆ ಈ ಬಾರಿ ಟಿಕೆಟ್ ಕೊಂಡ ಕೇಳುಗರಿದ್ದರು. ಪಾಂಪೆ ಗಿಲ್ಮೋರ್‌ಗೆ ಗೌರವ ಪೌರತ್ವವನ್ನೂ ಕೊಟ್ಟಿತು. ಈ ಕಛೇರಿಗಳನ್ನು ಸೆರೆಹಿಡಿದ, ಗೇವಿನ್ ಎಲ್ಡರ್ ನಿರ್ದೇಶಿಸಿದ ಚಿತ್ರ 2017ರ ಸೆಪ್ಟೆಂಬರ್ 13ರಂದು ಚಿತ್ರಮಂದಿರಗಳಲ್ಲಿ ಒಂದೇ ರಾತ್ರಿ ಓಡಿತು. ತಿಂಗಳ ಕೊನೆಗೆ ಡಿವಿಡಿ, ಬ್ಲೂ-ರೇಗಳಾಗಿ ಮನೆಗಳನ್ನು ತಲುಪಿತು. 1971ರಲ್ಲಿ ನುಡಿಸಿದ್ದ 'ಒನ್ ಆಫ್ ದೀಸ್ ಡೇಸ್' ಇದರಲ್ಲೂ ಇದೆ.