ನಿರಾಶ್ರಿತರು ಹಾಗೂ ಆಶ್ರಯ ಕೋರಿದವರು: ತಪ್ಪು ಕಲ್ಪನೆಗಳು ಮತ್ತು ವಾಸ್ತವಾಂಶಗಳು

(ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಸಾರ್ವಜನಿಕರ ಮಾಹಿತಿಗಾಗಿ)

ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣ ಹಿಂಸೆಗೆ ಗುರಿಯಾಗುವ ಭೀತಿಯಿಂದ ಸ್ವದೇಶವನ್ನು ತೊರೆದವರನ್ನು ನಿರಾಶ್ರಿತರೆಂದು ವಿಶ್ವಸಂಸ್ಥೆಯ 1951ರ ಒಡಂಬಡಿಕೆಯು ಗುರುತಿಸುತ್ತದೆ. ಇಂತಹ ಮಾನ್ಯತೆ ಕೋರಿ ತೀರ್ಮಾನಕ್ಕಾಗಿ ಕಾಯುತ್ತಿರುವವರು ಆಶ್ರಯ ಕೋರಿದವರು. ಭಾರತವು ಸದರಿ ಒಡಂಬಡಿಕೆಗೆ ಸಹಿ ಹಾಕಿರುವುದಿಲ್ಲ.

1. ತಪ್ಪು ಕಲ್ಪನೆ: "ಕ್ಯಾಂಪ್"ಗಳ ನಿವಾಸಿಗಳೆಲ್ಲರೂ ನಿರಾಶ್ರಿತರು.
ವಾಸ್ತವಾಂಶ: ತುಂಗಭದ್ರಾ ಕಾಲುವೆಗಳಿಗೆ ನೀರು ಹರಿದ ನಂತರ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ಭತ್ತದ ಬೇಸಾಯ ಕೈಗೊಂಡ ರೈತರ ವಸತಿಗಳಿಗೆ ಈ ಭಾಗದಲ್ಲಿ ಕ್ಯಾಂಪ್ ಎಂಬ ಹೆಸರು ರೂಢಿಯಲ್ಲಿದೆ. ದೇಶದೊಳಗೆ ವಲಸೆ ಬಂದ ಇವರು ಭಾರತದ ಪೌರರು.

2. ತಪ್ಪು ಕಲ್ಪನೆ: ನಿರಾಶ್ರಿತರ ಪರಿಹಾರ ಕೇಂದ್ರಗಳು ವಿದೇಶಿ ನಿರಾಶ್ರಿತರಿಗಾಗಿ ಇವೆ.
ವಾಸ್ತವಾಂಶ: ಇವು ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ, 1975ರ ಅಡಿಯಲ್ಲಿ ಭಿಕ್ಷಾಟನೆಯಲ್ಲಿ ತೊಡಗಿದವರ ಪುನರ್ವಸತಿಗಾಗಿ ಇರುವ ಕೇಂದ್ರಗಳು.

3. ತಪ್ಪು ಕಲ್ಪನೆ: ಬಂಗಾಳಿ ಮಾತನಾಡುವವರೆಲ್ಲರೂ ಅಕ್ರಮ ವಲಸಿಗರು.
ವಾಸ್ತವಾಂಶ: ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ಕುಟುಂಬಗಳಿಗೆ ಸಿರುಗುಪ್ಪದ ನೆರೆಯ ಸಿಂಧನೂರು ತಾಲ್ಲೂಕಿನಲ್ಲಿ ಸರ್ಕಾರವೇ ಪುನರ್ವಸತಿ ಕಲ್ಪಿಸಿದೆ. ಪೌರತ್ವ (ತಿದ್ದುಪಡಿ) ಅಧಿನಿಯಮ, 2019ರ ಅಡಿಯಲ್ಲಿ ಅಲ್ಲಿಯ ಕೆಲವು ನಿವಾಸಿಗಳಿಗೆ 2024ರಲ್ಲಿ ಪೌರತ್ವ ದೊರೆತಿದೆ. ಭಾಷೆಯೊಂದರಿಂದಲೇ ಯಾರ ಪೌರತ್ವವೂ ನಿರ್ಧಾರವಾಗುವುದಿಲ್ಲ.

4. ತಪ್ಪು ಕಲ್ಪನೆ: ಟಿಬೆಟಿಯನ್ನರು ಯಾರೂ ಭಾರತದ ಪೌರರಲ್ಲ.
ವಾಸ್ತವಾಂಶ: ಬೈಲುಕುಪ್ಪೆ, ಮುಂಡಗೋಡ ಮೊದಲಾದೆಡೆ 1960ರ ದಶಕದಿಂದ ಟಿಬೆಟಿಯನ್ ನಿರಾಶ್ರಿತರ ವಸತಿಗಳಿವೆ. ಇವರಲ್ಲಿ 26-1-1950ರಿಂದ 1-7-1987ಕ್ಕೆ ಮೊದಲು ಭಾರತದಲ್ಲಿ ಜನಿಸಿದವರು ಪೌರತ್ವ ಅಧಿನಿಯಮ, 1955ರ 3ನೇ ಪ್ರಕರಣದಂತೆ ಜನ್ಮತಃ ಪೌರರು. ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಇದನ್ನು ಎತ್ತಿಹಿಡಿದಿದೆ.

5. ತಪ್ಪು ಕಲ್ಪನೆ: ಪೌರರಲ್ಲದವರಿಗೆ ಕಾನೂನಿನ ರಕ್ಷಣೆ ಇಲ್ಲ.
ವಾಸ್ತವಾಂಶ: ಸಂವಿಧಾನದ 14 ಮತ್ತು 21ನೇ ಅನುಚ್ಛೇದಗಳ ರಕ್ಷಣೆಯು ಭಾರತದಲ್ಲಿರುವ ಎಲ್ಲ ವ್ಯಕ್ತಿಗಳಿಗೂ ಅನ್ವಯಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ (1996) ಇವರ ಜೀವ ರಕ್ಷಣೆ ರಾಜ್ಯದ ಹೊಣೆಯೆಂದು ತೀರ್ಪು ನೀಡಿದೆ. ಮತದಾನದ ಹಕ್ಕು ಪೌರರಿಗೆ ಮೀಸಲು.

6. ತಪ್ಪು ಕಲ್ಪನೆ: ಆಧಾರ್ ಇದ್ದವರೆಲ್ಲರೂ ಪೌರರು.
ವಾಸ್ತವಾಂಶ: ಆಧಾರ್ ಸಂಖ್ಯೆಯು ಪೌರತ್ವಕ್ಕಾಗಲಿ ಅಧಿವಾಸಕ್ಕಾಗಲಿ ಪುರಾವೆಯಲ್ಲವೆಂದು 2016ರ ಆಧಾರ್ ಅಧಿನಿಯಮದ 9ನೇ ಪ್ರಕರಣವು ತಿಳಿಸುತ್ತದೆ.

ಅರ್ಜಿದಾರರ ಗಮನಕ್ಕೆ:
• ಪೌರತ್ವವನ್ನು ರುಜುವಾತುಪಡಿಸಬೇಕಾದ ಸಂದರ್ಭದಲ್ಲಿ ಜನನ ದಿನಾಂಕ ಹಾಗೂ ಜನ್ಮಸ್ಥಳದ ದಾಖಲೆ ಮುಖ್ಯ. 1-7-1987ರಂದು ಅಥವಾ ಅನಂತರ ಜನಿಸಿದವರ ವಿಷಯದಲ್ಲಿ ತಂದೆ-ತಾಯಿಯರ ಪೌರತ್ವವೂ ಪರಿಗಣನೆಗೆ ಬರುತ್ತದೆ.
• ಕುಟುಂಬದ ಹಿರಿಯರಿಗೆ ನೀಡಲಾದ ಪುನರ್ವಸತಿ ಹಾಗೂ ನೋಂದಣಿ ಪತ್ರಗಳನ್ನು ಜೋಪಾನವಾಗಿಡುವುದು ಸೂಕ್ತ.
• 6ರಿಂದ 14 ವರ್ಷದ ಪ್ರತಿಯೊಂದು ಮಗುವೂ ಶಿಕ್ಷಣ ಹಕ್ಕು ಅಧಿನಿಯಮ, 2009ರ ವ್ಯಾಪ್ತಿಗೆ ಬರುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಶಾಲೆಗೆ ಪ್ರವೇಶ ನಿರಾಕರಿಸುವಂತಿಲ್ಲ.