ಹತ್ತು ರೂಪಾಯಿಯ ಗೋಬಿ, ಲಗ್ಗೆರೆಯ ಸಂಜೆ

ಸಂಜೆ ಆರು ದಾಟಿತೆಂದರೆ ಲಗ್ಗೆರೆ ಮುಖ್ಯರಸ್ತೆಯ ಬದಿಯಲ್ಲಿ ಸೌಟು ಬಾಣಲೆಗೆ ಬಡಿಯುವ ಸದ್ದು ಶುರುವಾಗುತ್ತದೆ. ಗಾಡಿಯ ಮೇಲೆ ‘ಫಾಸ್ಟ್ ಫುಡ್’ ಎಂದು ಬರೆದಿದ್ದರೆ ಅಲ್ಲಿ ಏನು ಸಿಗುತ್ತದೆಂದು ಯಾರೂ ಕೇಳಬೇಕಾಗಿಲ್ಲ. ಗೋಬಿ ಮಂಚೂರಿ, ಎಗ್ ರೈಸ್, ನೂಡಲ್ಸ್, ಕಬಾಬ್. ಈ ಊರಿನ ಮಾತಿನಲ್ಲಿ ಫಾಸ್ಟ್ ಫುಡ್ ಎಂದರೆ ಇಷ್ಟೇ. ಬರ್ಗರ್, ಪಿಜ್ಜಾಗಳಿಗೆ ಅವುಗಳದೇ ಹೆಸರಿದೆ.

ಲಗ್ಗೆರೆಗೆ ಒಂದು ಕಡೆ ಪೀಣ್ಯ, ರಾಜಗೋಪಾಲನಗರ. ಇನ್ನೊಂದು ಕಡೆ ಹೊರವರ್ತುಲ ರಸ್ತೆ, ಅದರಾಚೆ ನಂದಿನಿ ಲೇಔಟ್. ಬೆಂಗಳೂರು ಉತ್ತರ ತಾಲ್ಲೂಕಿನ ಹಳ್ಳಿಯಾಗಿದ್ದ ಊರಿನ ದಿಕ್ಕು ಬದಲಾದದ್ದು 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ. ಲೇತ್ ಮೆಷಿನ್ನಿನ ಶೆಡ್ಡುಗಳು ಬಂದವು, ಆಮೇಲೆ ಗಾರ್ಮೆಂಟ್ಸ್ ಬಂದವು. ಕೆಲಸ ಹುಡುಕಿಕೊಂಡು ತುಮಕೂರು, ಹಾಸನ, ಮಂಡ್ಯದ ಕಡೆಯಿಂದ, ಉತ್ತರ ಕರ್ನಾಟಕದಿಂದ ಬಂದವರಿಗೆ ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಕೈಗೆಟಕುವ ಬಾಡಿಗೆಯ ಮನೆ ಬೇಕಿತ್ತು. ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ವಠಾರಗಳೆದ್ದವು. 2007ರಲ್ಲಿ ಬಿಬಿಎಂಪಿ ರಚನೆಯಾಗಿ, 2010ರ ಚುನಾವಣೆಗೆ ಬೆಂಗಳೂರು 198 ವಾರ್ಡುಗಳಾದಾಗ ಲಗ್ಗೆರೆ 69ನೇ ವಾರ್ಡ್.

ಶಿಫ್ಟಿನ ಊರಿಗೆ ಊಟದ ಹೊತ್ತೆಂಬುದಿಲ್ಲ. ಬೆಳಗಿನ ಪಾಳಿಯವರಿಗೆ ಆರಕ್ಕೆ ಮುಂಚೆ ಇಡ್ಲಿ ಬೇಕು, ಎರಡನೇ ಪಾಳಿ ಬಿಟ್ಟವರಿಗೆ ರಾತ್ರಿ ಹತ್ತರ ಮೇಲೆ ಬಿಸಿಯಾಗಿ ಏನಾದರೂ ಬೇಕು. ಒಂಟಿ ಕೋಣೆಯಲ್ಲಿ ನಾಲ್ವರು ಹಂಚಿಕೊಂಡಿರುವಲ್ಲಿ ಒಲೆ ಹಚ್ಚುವ ಚೈತನ್ಯ ಎಲ್ಲರಿಗೂ ಉಳಿದಿರುವುದಿಲ್ಲ. ಇಂಥ ಕಡೆ ಬೇಗ ಸಿಗುವ ತಿಂಡಿ ಬಾಯಿಚಪಲದ ಸಂಗತಿಯಲ್ಲ, ದಿನದ ಲೆಕ್ಕಾಚಾರದ ಭಾಗ.

ಆ ಲೆಕ್ಕ ಬಹುಕಾಲ ಆಣೆಯಲ್ಲೇ ನಡೆಯಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ರೂಪಾಯಿಗೆ ನೂರು ಪೈಸೆಯಾದರೂ ಜನರ ಬಾಯಲ್ಲಿ 25 ಪೈಸೆ ನಾಲ್ಕಾಣೆಯಾಗಿ, 50 ಪೈಸೆ ಎಂಟಾಣೆಯಾಗಿ ಉಳಿಯಿತು. ನಾಲ್ಕಾಣೆಯ ಬೋಂಡ, ಎಂಟಾಣೆಯ ಟೀ ಎಂಬ ಮಾತು ಐವತ್ತು ದಾಟಿದವರಿಗೆ ಇನ್ನೂ ಸಲೀಸು. ನಾಲ್ಕಾಣೆಯ ಚಲಾವಣೆ ಅಧಿಕೃತವಾಗಿ ನಿಂತದ್ದು 2011ರ ಜೂನ್ 30ಕ್ಕೆ. ಅಷ್ಟರಲ್ಲಿ ಅದಕ್ಕೆ ಕೊಳ್ಳಬಹುದಾದ ತಿಂಡಿಯೇ ಇರಲಿಲ್ಲ.

ಬೆಂಗಳೂರು ಬೇಗ ತಿನ್ನುವುದನ್ನು ಕಲಿತದ್ದು ದರ್ಶಿನಿಗಳಿಂದ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಕೂರಲು ಕುರ್ಚಿಯಿಲ್ಲ, ಬಡಿಸಲು ಮಾಣಿಯಿಲ್ಲ. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಂಡು, ಕಣ್ಣೆದುರೇ ಬೇಯುವ ತಿಂಡಿಯನ್ನು ಎತ್ತಿಕೊಂಡು, ನಿಂತೇ ತಿನ್ನುವುದು. ಚಿಕ್ಕ ಜಾಗ, ಕಡಿಮೆ ಆಳು, ಒಂದೇ ಮೇಜಿಗೆ ಗಂಟೆಯಲ್ಲಿ ಹತ್ತಾರು ಗಿರಾಕಿ; ದರ ತಗ್ಗಿದ್ದು ಹಾಗೆ. ಕೆಲವೇ ವರ್ಷಗಳಲ್ಲಿ ಈ ಮಾದರಿ ಬಡಾವಣೆ ಬಡಾವಣೆಗೂ ಹಬ್ಬಿತು.

ವಿದೇಶಿ ಫಾಸ್ಟ್ ಫುಡ್ ಬಂದದ್ದು ಆಮೇಲೆ, ದೊಡ್ಡ ಗದ್ದಲದೊಂದಿಗೆ. 1995ರ ಜೂನ್‌ನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಂಟುಕಿ ಫ್ರೈಡ್ ಚಿಕನ್ ದೇಶದ ತನ್ನ ಮೊದಲ ಮಳಿಗೆ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರಾಜ್ಯ ರೈತ ಸಂಘ ವಿರೋಧಕ್ಕಿಳಿಯಿತು. 1996ರ ಜನವರಿ 30ರಂದು ಸಂಘದ ಕಾರ್ಯಕರ್ತರು ಮಳಿಗೆಗೆ ನುಗ್ಗಿದ ಸುದ್ದಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಪಿಜ್ಜಾ ಹಟ್ ಕೂಡ ಬೆಂಗಳೂರಿನಲ್ಲೇ ಬಾಗಿಲು ತೆರೆಯಿತು. ಅಲ್ಲಿನ ದರಪಟ್ಟಿ ಪೀಣ್ಯದ ಕೂಲಿಗೆ ನಿಲುಕುವಂಥದ್ದಾಗಿರಲಿಲ್ಲ.

ನಿಲುಕಿದ್ದು ಗೋಬಿ. 1975ರಲ್ಲಿ ಮುಂಬೈನ ಬಾಣಸಿಗ ನೆಲ್ಸನ್ ವಾಂಗ್ ಚಿಕನ್ ಮಂಚೂರಿ ಮಾಡಿದರೆಂದು ಪ್ರತೀತಿ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಕರ್ನಾಟಕದ ಬೀದಿಗಳನ್ನು ಗೆದ್ದಿತು. ಗಾಡಿಯ ಕೆಲಸ ಮಧ್ಯಾಹ್ನವೇ ಆರಂಭ. ಹೂಕೋಸನ್ನು ಬಿಡಿಸಿ, ಮೈದಾ-ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ ಒಮ್ಮೆ ಕರಿದಿಡುವುದು. ಗಿರಾಕಿ ಬಂದಾಗ ಉರಿ ಜೋರು ಮಾಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಸೋಯಾ ಸಾಸ್, ಚಿಲ್ಲಿ ಸಾಸ್ ಹಾಕಿ ಒಂದೆರಡು ನಿಮಿಷ ತಿರುವಿ, ಕೊತ್ತಂಬರಿ ಉದುರಿಸಿ, ಟೂತ್‌ಪಿಕ್ ಚುಚ್ಚಿ ಕೊಡುವುದು. ಹೂಕೋಸು ತುಟ್ಟಿಯಾದ ದಿನ ಎಲೆಕೋಸು ಹೆಚ್ಚಿ ಉಂಡೆ ಕಟ್ಟಿ ಕರಿಯುವುದೂ ಉಂಟು. ಕರಿದಿಟ್ಟ ಗೋಬಿಯಷ್ಟೇ ಅಲ್ಲ, ಹಾಫ್ ಪ್ಲೇಟ್ ಎಂಬ ಏರ್ಪಾಡೂ ಈ ವ್ಯಾಪಾರದ ಜೀವಾಳ. ಪೂರ್ತಿ ಪ್ಲೇಟಿಗೆ ದುಡ್ಡು ಸಾಲದವರೂ ಗಾಡಿಯ ಮುಂದೆ ನಿಲ್ಲಬಹುದು.

ಈ ಶತಮಾನದ ಆರಂಭದ ವರ್ಷಗಳಲ್ಲಿ ಒಂದು ಪ್ಲೇಟ್ ಗೋಬಿಗೆ ಹತ್ತರ ಒಂದು ನೋಟು ಸಾಕಾಗುತ್ತಿತ್ತು. ಆ ದರ ನೆನೆದಾಗ ಹೊಟ್ಟೆ ಉರಿಯುವುದು ಸಹಜ. ಆದರೆ ಆಗಿನ ಸಂಬಳವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ತಿಂಗಳಿಗೆ ಎರಡು ಮೂರು ಸಾವಿರ ಎಣಿಸುತ್ತಿದ್ದ ಕೈಗೆ ಆ ಹತ್ತು ರೂಪಾಯಿ ಹಗುರವಾಗಿರಲಿಲ್ಲ. ಸಂಬಳದ ದಿನ ಗೋಬಿ, ತಿಂಗಳ ಕೊನೆಗೆ ಬೇಕರಿಯ ಬನ್ನು-ಟೀ ಎಂಬ ಕ್ರಮ ಅನೇಕ ಕೋಣೆಗಳಲ್ಲಿ ನಡೆದಿತ್ತು. ಇವತ್ತು ಎಣ್ಣೆ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್, ಮೊಟ್ಟೆ ಒಂದೊಂದು ಏರಿದಾಗಲೂ ಗಾಡಿಯ ಬೋರ್ಡಿನಲ್ಲಿ ಹಳೆ ದರದ ಮೇಲೆ ಹೊಸ ಅಂಕಿಯ ಸ್ಟಿಕ್ಕರ್ ಬೀಳುತ್ತದೆ. ಅಂಚು ಕಿತ್ತ ಕಡೆ ಕೆಳಗಿನ ಅಂಕಿ ಇಣುಕುತ್ತದೆ.

ದರವನ್ನು ಸರ್ಕಾರವೇ ಕಟ್ಟಿಹಾಕಿದ ಕಾಲವೂ ಇದೆ. ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ದರ ನಿಗದಿಯಾದಾಗ, 1924ರಿಂದ ನಡೆದುಬಂದಿದ್ದ ಎಂಟಿಆರ್ ಗುಣಮಟ್ಟ ತಗ್ಗಿಸಲೊಪ್ಪದೆ ನಷ್ಟ ತಾಳಿ, ಹೋಟೆಲ್ ಮುಚ್ಚಿ, ಸಾಂಬಾರು ಪುಡಿ, ತಿಂಡಿ ಮಿಶ್ರಣಗಳ ಮಾರಾಟಕ್ಕೆ ಇಳಿಯಿತು. 2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳು ಬೇರೆ ದಾರಿ ಹಿಡಿದವು: ತಿಂಡಿಗೆ 5 ರೂಪಾಯಿ, ಊಟಕ್ಕೆ 10, ಉಳಿದ ಹೊರೆ ಸರ್ಕಾರದ್ದು. ಹತ್ತರ ನೋಟಿಗೆ ಹೊಟ್ಟೆ ತುಂಬುವ ಮಾತು ದುಡಿಯುವವರ ಬದುಕಿಗೆ ಮತ್ತೆ ಬಂತು.

2024ರ ಮಾರ್ಚ್‌ನಲ್ಲಿ ಗೋಬಿಯ ಕೆಂಪಿಗೂ ಕುತ್ತು ಬಂತು. ಪರೀಕ್ಷೆಗೆ ಒಳಗಾದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ ಕೃತಕ ಬಣ್ಣ ಸಿಕ್ಕಿ, ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು. ಅಗ್ಗದ ತಿಂಡಿ ತಿನ್ನುವವರ ಆರೋಗ್ಯವೂ ಲೆಕ್ಕಕ್ಕೆ ಬಂದದ್ದು ಒಳ್ಳೆಯದೇ ಆಯಿತು.

ರಾತ್ರಿ ಹತ್ತೂವರೆ. ಎರಡನೇ ಪಾಳಿ ಮುಗಿಸಿದವರು ಹೆಗಲಿಗೆ ಬ್ಯಾಗು ಹಾಕಿಕೊಂಡು ಲಗ್ಗೆರೆ ಕಡೆ ನಡೆಯುತ್ತಾರೆ. ಗಾಡಿಯ ಮೂಲೆಯ ಪುಟ್ಟ ಪೆಟ್ಟಿಗೆ, ಮೊಬೈಲಿಂದ ಬಂದ ದುಡ್ಡನ್ನು ಕೂಗಿ ಹೇಳುತ್ತದೆ. “ಅಣ್ಣ, ಒಂದು ಹಾಫ್ ಎಗ್ ರೈಸ್, ಖಾರ ಜಾಸ್ತಿ,” ಎನ್ನುತ್ತದೆ ದಣಿದ ದನಿಯೊಂದು. ಸೌಟು ಮತ್ತೆ ಬಾಣಲೆಗೆ ಬಡಿಯುತ್ತದೆ.