ಕ್ಲಚ್ ಇಲ್ಲದ ಗೇರ್‌ಬಾಕ್ಸ್, ತಿಮಿಂಗಿಲದ ಎಣ್ಣೆ ಮತ್ತು ನಮ್ಮನೆ ಗ್ಯಾರೇಜು

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋ ನಿಮಗೆಲ್ಲ ಇವತ್ತು ಸ್ವಲ್ಪ ಗ್ರೀಸ್ ಮೆತ್ತಿಕೊಂಡ ಇತಿಹಾಸ.

ನಾನಿರೋದು ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ. ನನ್ನ ಹತ್ತಿರ 1998ರ ಒಂದು ಪಿಕಪ್ ಟ್ರಕ್ ಇದೆ, ಆಟೊಮ್ಯಾಟಿಕ್. ಹೋದ ಬೇಸಿಗೆಯಲ್ಲಿ ಎರಡನೇ ಗೇರಿಂದ ಮೂರನೇದಕ್ಕೆ ಬೀಳೋ ಹೊತ್ತಿಗೆ ಎಂಜಿನ್ ಜೋರಾಗಿ ಕೂಗೋದು, ಗಾಡಿ ಮಾತ್ರ ಎಳೀತಿರಲಿಲ್ಲ. ಡಿಪ್‌ಸ್ಟಿಕ್ ಎತ್ತಿ ನೋಡಿದರೆ ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ ಥರ ಕಪ್ಪಾಗಿತ್ತು, ಸೀದ ವಾಸನೆ ಬೇರೆ. ವರ್ಕ್‌ಶಾಪ್‌ನಲ್ಲಿ ಹೇಳಿದ ದುಡ್ಡಿಗೆ ಅಂಥದೇ ಇನ್ನೊಂದು ಹಳೇ ಟ್ರಕ್ ಬರ್ತಿತ್ತು. ಅದೇ ಸಮಯಕ್ಕೆ ಅಪ್ಪ ಊರಿಂದ ಬಂದಿದ್ದರು. ತುಮಕೂರಲ್ಲಿ ಜೀವನಪೂರ್ತಿ ಲಾರಿ ಮೆಕ್ಯಾನಿಕ್ ಆಗಿದ್ದವರು. "ಅದಕ್ಯಾಕೋ ಅಷ್ಟು ದುಡ್ಡು? ನಾವೇ ಇಳಿಸೋಣ" ಅಂದರು. ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನ ಅವರು ಅಲ್ಲೀವರೆಗೆ ಒಂದ್ಸಲಾನೂ ಬಿಚ್ಚಿರಲಿಲ್ಲ.

ರೀಬಿಲ್ಟ್ ಮಾಡಿದ ಗೇರ್‌ಬಾಕ್ಸ್ ಒಂದನ್ನ ತರಿಸಿದೆ. ಬ್ಯಾಟರಿ ವೈರ್ ಕಳಚಿ, ಟ್ರಕ್ಕನ್ನ ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ವಿ. ಬರೀ ಜಾಕ್ ನಂಬಿಕೊಂಡು ದಯವಿಟ್ಟು ಯಾರೂ ಗಾಡಿ ಕೆಳಗೆ ಮಲಗಬೇಡಿ. ಎಣ್ಣೆ ಇಳಿಸಿದ್ದಾಯ್ತು, ಪ್ರೊಪೆಲ್ಲರ್ ಶಾಫ್ಟ್, ಸ್ಟಾರ್ಟರ್, ಕೂಲರ್ ಪೈಪುಗಳು ಒಂದೊಂದಾಗಿ ಹೊರಗೆ ಬಂದವು. ಮೇಲಿನ ಎರಡು ಬೋಲ್ಟ್ ಮಾತ್ರ ಅರ್ಧ ದಿನ ತಿಂದವು. ಸಂಜೆ ಬಾಡಿಗೆ ಜಾಕ್ ಮೇಲೆ ಎಪ್ಪತ್ತು ಕೆಜಿ ಮೇಲಿನ ಆ ಅಲ್ಯೂಮಿನಿಯಂ ಭಾರ ಮೆಲ್ಲಗೆ ನೆಲಕ್ಕಿಳಿಯಿತು.

ಅಪ್ಪ ಅದರ ಮೂತಿಗೆ ಕಣ್ಣಿಟ್ಟರು. "ಕ್ಲಚ್ ಪ್ಲೇಟ್ ಎಲ್ಲೋ?"

ಅವರು ಕೈ ತೋರಿಸ್ತಿದ್ದ ಜಾಗದಲ್ಲಿ ಕುಂಬಳಕಾಯಿ ಗಾತ್ರದ ಒಂದು ಗುಂಡು ಡಬ್ಬ ಇತ್ತು. ಅದೇ ಟಾರ್ಕ್ ಕನ್ವರ್ಟರ್. ಇದು ಹುಟ್ಟಿದ್ದು ಕಾರಿಗಲ್ಲ, ಹಡಗಿಗೆ. ಜರ್ಮನಿಯ ಸ್ಟೆಟಿನ್ ಬಂದರಿನ ವಲ್ಕನ್ ಹಡಗುಕಟ್ಟೆಯಲ್ಲಿದ್ದ ಎಂಜಿನಿಯರ್ ಹರ್ಮನ್ ಫೋಟಿಂಗರ್ ಎದುರಿಗೆ ಒಂದು ತಲೆನೋವಿತ್ತು. ಸ್ಟೀಮ್ ಟರ್ಬೈನ್ ವಿಪರೀತ ವೇಗದಲ್ಲಿ ಸುತ್ತುತ್ತೆ, ಹಡಗಿನ ಪ್ರೊಪೆಲ್ಲರ್ ನಿಧಾನಕ್ಕೆ ಸುತ್ತಬೇಕು. ಇವೆರಡನ್ನ ಜೋಡಿಸೋದು ಹೇಗೆ? 1905ರಲ್ಲಿ ಅವರು ಪೇಟೆಂಟ್ ಮಾಡಿಸಿದ ಉಪಾಯದಲ್ಲಿ ನಡುವೆ ಹಲ್ಲುಗಳೇ ಇಲ್ಲ, ಬರೀ ದ್ರವ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದಕ್ಕೆ ಕರೆಂಟ್ ಕೊಡಿ, ಆ ಗಾಳಿಗೆ ಇನ್ನೊಂದೂ ತಿರುಗುತ್ತೆ. ಗಾಳಿ ಬದಲು ಎಣ್ಣೆ ಅಂದ್ಕೊಳ್ಳಿ. ಮಧ್ಯೆ ಇನ್ನೊಂದು ಚಕ್ರ ಕೂರಿಸಿ ವಾಪಸ್ ಬರೋ ಎಣ್ಣೆಯ ದಿಕ್ಕು ತಿರುಗಿಸಿದರೆ ಎಳೆಯೋ ಶಕ್ತಿಯೂ ಹೆಚ್ಚುತ್ತೆ.

ಒಳಗಿನ ಗೇರುಗಳದ್ದು ಬೇರೆ ವಂಶ. ನಡುವೆ ಒಂದು ಸೂರ್ಯ, ಸುತ್ತ ಗ್ರಹಗಳು, ಹೊರಗೆ ಹಲ್ಲಿರೋ ಬಳೆ. ಯಾವುದನ್ನ ಹಿಡಿದು ನಿಲ್ಲಿಸ್ತೀವಿ ಅನ್ನೋದರ ಮೇಲೆ ವೇಗ ಬದಲಾಗುತ್ತೆ. ಹೆನ್ರಿ ಫೋರ್ಡ್ 1908ರ ಮಾಡೆಲ್ ಟಿಯಲ್ಲೇ ಇದನ್ನ ಬಳಸಿದ್ದರು, ಆದರೆ ಕಾಲಲ್ಲಿ ಪೆಡಲ್ ಒತ್ತಬೇಕಿತ್ತು. ಆ ಒತ್ತೋ ಕೆಲಸವನ್ನ ಎಣ್ಣೆಯ ಒತ್ತಡಕ್ಕೇ ವಹಿಸಿದ್ದು ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್. ಅರ್ಲ್ ಥಾಂಪ್ಸನ್ ಅವರ ತಂಡ ಕಟ್ಟಿದ ಅದನ್ನ 1940ರ ಓಲ್ಡ್ಸ್‌ಮೊಬೈಲ್‌ಗೆ 57 ಡಾಲರ್ ಹೆಚ್ಚು ಕೊಟ್ಟರೆ ಹಾಕಿಕೊಡ್ತಿದ್ದರು. ಅದರಲ್ಲಿದ್ದದ್ದು ಸರಳವಾದ ದ್ರವ ಜೋಡಣೆ ಅಷ್ಟೇ. ಫೋಟಿಂಗರ್ ಅವರ ಪೂರ್ತಿ ಟಾರ್ಕ್ ಕನ್ವರ್ಟರ್ ಅಮೆರಿಕದ ಮನೆಮಂದಿಯ ಕಾರಿಗೆ ಬಂದಿದ್ದು 1948ರ ಬ್ಯೂಕ್ ಡೈನಾಫ್ಲೋದಲ್ಲಿ. ಮಧ್ಯೆ ಯುದ್ಧ ಬಂತು, ಹೈಡ್ರಾಮ್ಯಾಟಿಕ್ ಟ್ಯಾಂಕ್ ಏರಿತು. ಎಂ5 ಸ್ಟುವರ್ಟ್ ಟ್ಯಾಂಕಿನಲ್ಲಿ ಎರಡು ಕ್ಯಾಡಿಲಾಕ್ ಎಂಜಿನ್, ಎರಡು ಹೈಡ್ರಾಮ್ಯಾಟಿಕ್!

ಆ ದಿನ ನನ್ನ ತಲೆಯಲ್ಲಿ ಕೂತಿದ್ದು ಮಾತ್ರ ಎಣ್ಣೆ. ಅಂಗೈ ಮೇಲೆ ಹೊಸ ಕೆಂಪು ಎಣ್ಣೆ ಸುರಿದುಕೊಂಡು ನೋಡಿ. ಈ ಎಣ್ಣೆ ಪಾರ್ಟುಗಳನ್ನ ಜಾರಿಸಲೂಬೇಕು, ಒಳಗಿರೋ ಕ್ಲಚ್ ಪ್ಲೇಟುಗಳು ಒಂದನ್ನೊಂದು ಹದವಾಗಿ ಕಚ್ಚಿಕೊಳ್ಳೋ ಹಾಗೂ ಮಾಡಬೇಕು. ಈ ವಿಚಿತ್ರ ಹದಕ್ಕೆ ದಶಕಗಳ ಕಾಲ ಬೆರೆಸ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ನಿಜವಾಗ್ಲೂ. ಡೆಟ್ರಾಯಿಟ್ ರಸ್ತೆಯಲ್ಲಿ ಕಾರು ನುಣ್ಣಗೆ ಗೇರ್ ಬದಲಿಸಲಿ ಅಂತ ಸಮುದ್ರದಲ್ಲಿ ತಿಮಿಂಗಿಲ ಸಾಯ್ತಿತ್ತು. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆ ಕಂಪನಿಗಳು ಪ್ರಯೋಗಾಲಯದಲ್ಲಿ ಬದಲಿ ಹುಡುಕಬೇಕಾಯ್ತು. ಅಪ್ಪನಿಗೆ ಇದನ್ನ ಹೇಳಿದೆ. ಕೈ ಒರೆಸ್ಕೊಳ್ತಾ "ಪಾಪ" ಅಂದರು, ಅಷ್ಟೇ.

ಎರಡನೇ ದಿನ ಹೊಸದನ್ನ ಏರಿಸೋ ಕೆಲಸ. ಮೊದಲು ಕೂಲರ್ ಪೈಪುಗಳನ್ನ ತೊಳೆದ್ವಿ. ಹಳೇ ಗೇರ್‌ಬಾಕ್ಸ್‌ನ ಲೋಹದ ಪುಡಿ ಅದರಲ್ಲಿ ಕೂತಿರುತ್ತೆ, ಬಿಟ್ಟರೆ ಹೊಸದನ್ನೂ ಕೊಲ್ಲುತ್ತೆ. ಆಮೇಲೆ ಕನ್ವರ್ಟರ್‌ಗೆ ಒಂದಿಷ್ಟು ಎಣ್ಣೆ ಹುಯ್ದು ಗೇರ್‌ಬಾಕ್ಸಿನ ಮೂತಿಗೆ ಕೂರಿಸಿ, ತಿರುಗಿಸ್ತಾ ಒಳಗೆ ತಳ್ಳಬೇಕು. ಎರಡು ಶಾಫ್ಟ್, ಒಂದು ಪಂಪ್, ಮೂರಕ್ಕೂ ಸಿಕ್ಕಿಕೊಳ್ಳಬೇಕು. ಒಂದು ಸಲ ಟಕ್, ಇನ್ನೊಂದು ಸಲ ಟಕ್. ಆಯ್ತು ಅಂದ್ಕೊಂಡೆ.

ಜಾಕ್ ಎತ್ತಿ ಎಂಜಿನ್‌ಗೆ ಹೊಂದಿಸಿದರೆ ಅರ್ಧ ಇಂಚು ಸಂದಿ ಉಳೀತು. ಬೋಲ್ಟ್ ಹಾಕಿ ಬಿಗಿ ಮಾಡಿದರೆ ತಾನೇ ಕೂರುತ್ತೆ ಅಂತ ಸ್ಪ್ಯಾನರ್ ತಗೊಂಡೆ. ಅಪ್ಪ ನನ್ನ ಮಣಿಕಟ್ಟು ಹಿಡ್ಕೊಂಡರು. "ಬೋಲ್ಟಿಂದ ಎಳೀಬೇಡ ಮಗಾ. ಲಾರಿ ಗೇರ್‌ಬಾಕ್ಸೂ ಹಿಂಗೆ, ಸರಿಯಾಗಿ ಸೇರಿದ್ರೆ ಕೈಯಲ್ಲೇ ಕೂರುತ್ತೆ. ಕೂರ್ತಿಲ್ಲ ಅಂದ್ರೆ ಒಳಗೇನೋ ಅಡ್ಡ ಇದೆ."

ಬೇಜಾರಾಯ್ತು, ಆದರೂ ಇಳಿಸಿದೆ. ಕನ್ವರ್ಟರ್ ಮತ್ತೆ ತಿರುಗಿಸಿದಾಗ ಮೂರನೇ ಟಕ್ ಕೇಳಿಸ್ತು. ಪಂಪಿಗೆ ಆಗ ಸೇರಿದ್ದು. ಬೋಲ್ಟ್ ಬಿಗಿದಿದ್ದರೆ ಪಂಪ್ ಒಡೆದು, ತಂದ ದುಡ್ಡೆಲ್ಲ ಅಲ್ಲೇ ಹೋಗ್ತಿತ್ತು. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕೋರು ಎಡವೋದು ಹೆಚ್ಚಾಗಿ ಇಲ್ಲೇ. ಈ ಸಲ ಎರಡೂ ಮುಖ ಕೈಯಲ್ಲೇ ಕೂಡಿದವು.

ಭಾನುವಾರ ಎಣ್ಣೆ ತುಂಬಿ, ಎಂಜಿನ್ ಓಡ್ತಿರುವಾಗಲೇ ಮಟ್ಟ ನೋಡಿಕೊಂಡು ಹೊರಟ್ವಿ. ಗೇರ್ ಬಿದ್ದಿದ್ದೇ ಗೊತ್ತಾಗ್ಲಿಲ್ಲ. ಅಪ್ಪನ ಎಡಗಾಲು ಮಾತ್ರ ಸುಮ್ಮನೆ ನೆಲ ತುಳೀತಾ ಇತ್ತು. ಅವರನ್ನ ಹತ್ತಿರದ ವಿಲ್ಲೋ ರನ್ ಕಡೆ ಕರ್ಕೊಂಡು ಹೋದೆ. ಯುದ್ಧಕಾಲದಲ್ಲಿ ಫೋರ್ಡ್ ಅಲ್ಲಿ ಬಿ-24 ಬಾಂಬರ್ ವಿಮಾನ ಕಟ್ಟುತ್ತಿತ್ತು. 1953ರ ಆಗಸ್ಟ್ 12ರಂದು ಲಿವೋನಿಯಾದ ಹೈಡ್ರಾಮ್ಯಾಟಿಕ್ ಕಾರ್ಖಾನೆ ವೆಲ್ಡಿಂಗ್ ಕಿಡಿಯಿಂದ ಹೊತ್ತಿ ಉರಿದು ಬೂದಿಯಾಯ್ತು. ಒಂದೇ ಸೂರಿನಡಿ ಎಲ್ಲ ತಯಾರಾಗ್ತಿದ್ದರಿಂದ ಕ್ಯಾಡಿಲಾಕ್ ಕೂಡ ಸ್ವಲ್ಪ ಕಾಲ ಬ್ಯೂಕಿನ ಡೈನಾಫ್ಲೋ ಹಾಕಿಕೊಂಡು ಮಾರಾಟವಾಯ್ತು. ಜಿಎಂ ಆಗ ವಿಲ್ಲೋ ರನ್‌ಗೆ ಬಂದು, ಮೂರು ತಿಂಗಳೊಳಗೆ ಗೇರ್‌ಬಾಕ್ಸ್ ತಯಾರಿ ಮತ್ತೆ ಶುರು ಮಾಡಿತು. 2010ರವರೆಗೂ ಅಲ್ಲಿ ಕೆಲಸ ನಡೀತು.

ಈಗ ಆ ಜಾಗದಲ್ಲಿ ಡ್ರೈವರ್ ಇಲ್ಲದ ಕಾರುಗಳನ್ನ ಪರೀಕ್ಷೆ ಮಾಡೋ ಟ್ರ್ಯಾಕ್ ಇದೆ. ಅಪ್ಪ ಬೇಲಿ ಆಚೆ ಸುಮಾರು ಹೊತ್ತು ನೋಡಿದರು.

"ಮೊದಲು ಕ್ಲಚ್ ತೆಗೆದ್ರು. ಈಗ ನನ್ನನ್ನೇ ತೆಗೀತಾರಾ?" ಅಂದರು. ಆಮೇಲೆ ಕೀ ಕೊಡು ಅಂತ ಕೈ ಚಾಚಿದರು.